ಚಿಕ್ಕಮೇಳ, ಕಾಲು ಗಂಟೆ ಮತ್ತು ನನ್ನ ಮೊಬೈಲು

ಕಳೆದ ಮಳೆಗಾಲದ ಒಂದು ಸಂಜೆ ಕಂಕನಾಡಿಯ ನಮ್ಮ ಮನೆಗೆ ಚಿಕ್ಕಮೇಳ ಬಂದಿತ್ತು.

ಘಟ್ಟದ ಮೇಲಿನ ಗೆಳೆಯರಿಗೆ ಸ್ವಲ್ಪ ವಿವರಣೆ. ಮೇ ಕೊನೆಯ ವಾರದ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ಆಮೇಲೆ ಕೆಲವು ಕಲಾವಿದರು ಸೇರಿ, ಮೊದಲೇ ತಿಳಿಸಿ, ಸಂಜೆ ಮನೆ ಮನೆಗೆ ಬರುತ್ತಾರೆ. ಭಾಗವತರು, ಚೆಂಡೆ, ಮದ್ದಳೆ, ಇಬ್ಬರು ವೇಷಧಾರಿಗಳು. ನಾವು ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ ಇಟ್ಟರಾಯಿತು. ಹಾಲೇ ರಂಗಸ್ಥಳ. ಪ್ರಸಂಗದ ಒಂದು ತುಣುಕು, ಕಾಲು ಗಂಟೆ ಅಷ್ಟೆ.

ನಾನು ಎಂದಿನಂತೆ ಮೊಬೈಲು ಹಿಡಿದು ನಿಂತೆ. ಫ್ರೇಮಿನಲ್ಲಿ ಚೆಂಡೆಯವರು ಅರ್ಧವೇ ಬರ್ತಾರೆ ಅಂತ ಹಿಂದೆ ಮುಂದೆ ಸರಿಯುತ್ತಿದ್ದೆ. ಅಜ್ಜಿಗೆ ತಡೆಯಲಿಲ್ಲ. "ಕೂತ್ಕೊ ಮಾರಾಯ, ಸ್ವಲ್ಪ ಕೇಳು!"

ಕೂತೆ. ಬಯಲಾಟದಲ್ಲಿ ಎಷ್ಟೋ ರಾತ್ರಿ ಕಳೆದಿದ್ದೇನೆ, ಆದರೆ ಅಲ್ಲಿ ಕೇಳುವುದು ಸ್ಪೀಕರನ್ನು. ಇಲ್ಲಿ ಮೈಕೇ ಇಲ್ಲ. ಮದ್ದಳೆಯ ಎಡಗೈ ಪೆಟ್ಟು ನೆಲದಿಂದ ಕಾಲಿಗೆ ಬಂತು. ಭಾಗವತರು ಪದ ಎತ್ತುವ ಮೊದಲು ಉಸಿರೆಳೆದದ್ದೂ ಕೇಳಿತು. ಆ ಉಸಿರನ್ನು ನೋಡಿಯೇ ಮದ್ದಳೆಯವರ ಬೆರಳು ಏಳುತ್ತಿತ್ತು! ಆಟದ ಮುಂದೆ ಕೂತು ಬೆಳೆದವನಿಗೆ ಇದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ರಾತ್ರಿ ರೆಕಾರ್ಡಿಂಗ್ ಹಾಕಿ ನೋಡಿದೆ. ಚೆಂಡೆ ಒಡಕು ಡಬ್ಬದ ಹಾಗೆ, ಮದ್ದಳೆ ನಾಪತ್ತೆ :(

ಅಮೆರಿಕಾದ ಸಂಗೀತಗಾರ್ತಿ ಪೌಲೀನ್ ಆಲಿವೆರೋಸ್ ೧೯೮೮ರಲ್ಲಿ ಗೆಳೆಯರ ಜೊತೆ ನೆಲದಡಿಯ ಖಾಲಿ ನೀರಿನ ತೊಟ್ಟಿಗೆ ಇಳಿದು ನುಡಿಸಿದ್ದರು. ಅಲ್ಲಿ ಒಂದು ಸ್ವರ ಸುಮಾರು ೪೫ ಸೆಕೆಂಡು ಅನುರಣಿಸುತ್ತಿತ್ತಂತೆ. 'ಡೀಪ್ ಲಿಸನಿಂಗ್' ಅನ್ನುವ ಮಾತು ಹೆಸರಾದದ್ದು ಅಲ್ಲಿಂದ. ಈಗ ಬೆಂಗಳೂರಿನಲ್ಲಿ ಮೇಣದಬತ್ತಿ ಹಚ್ಚಿಟ್ಟ ಕಛೇರಿಗೆ ನನ್ನ ಸಹೋದ್ಯೋಗಿಗಳು ದುಡ್ಡು ಕೊಟ್ಟು ಹೋಗುತ್ತಾರೆ. ಹೋಗಲಿ, ತಪ್ಪೇನಿಲ್ಲ. ಆದರೆ ದೀಪ ಹಚ್ಚಿ, ಮೂರಡಿ ದೂರದಲ್ಲಿ ಕೂತು ಕೇಳುವ ಸಂಗೀತ ನಮ್ಮ ಬಾಗಿಲಿಗೇ ಬಂದಾಗ ನಾವು ಏನು ಮಾಡುತ್ತೇವೆ?

ಪರಿಚಯದವರ ಅಪಾರ್ಟ್‌ಮೆಂಟೊಂದರಲ್ಲಿ "ಗಲಾಟೆಯಾಗುತ್ತದೆ" ಅಂತ ಗೇಟಿನಲ್ಲೇ ಬೇಡ ಅಂದರಂತೆ. ಚೆಂಡೆಯ ಸದ್ದು ದೊಡ್ಡದು, ಒಪ್ಪುತ್ತೇನೆ. ಪಕ್ಕದಲ್ಲಿ ಕಾಯಿಲೆಯವರಿದ್ದರೆ, ಮಕ್ಕಳ ಪರೀಕ್ಷೆಯಿದ್ದರೆ ಕೇಳಿಯೇ ಕರೆಯಬೇಕು. ಆದರೆ ಅದೇ ಕಟ್ಟಡದಲ್ಲಿ ಡ್ರಿಲ್ಲಿಂಗ್ ಮಶೀನು ದಿನವಿಡೀ ಓಡಿದರೆ ಯಾರೂ ಗೇಟು ಹಾಕುವುದಿಲ್ಲ.

ಮನೆ ಮನೆಗೆ ಹೋದರೆ ಕಲೆಯ ಘನತೆ ಕಡಿಮೆಯಾಗುತ್ತದೆ ಅನ್ನುವವರೂ ಇದ್ದಾರೆ. ನನಗನ್ನಿಸುವುದು, ಘನತೆ ಹೋಗುವುದು ಕಲಾವಿದರು ಬಾಗಿಲಿಗೆ ಬಂದದ್ದರಿಂದಲ್ಲ. ಅವರು ಹಾಡುತ್ತಿರುವಾಗ ನಾವು ಟೀವಿ ಮ್ಯೂಟ್ ಮಾಡಿ, ಕೈಯಲ್ಲಿ ನೋಟು ಹಿಡಿದು, ಯಾವಾಗ ಮುಗಿಯುತ್ತದೆ ಅಂತ ಕಾಯುತ್ತೇವಲ್ಲ, ಅದರಿಂದ. ಮಳೆಗಾಲದಲ್ಲಿ ಅವರಿಗೆ ಇದೇ ಸಂಪಾದನೆ. ಕೊಡುವುದನ್ನು ಸರಿಯಾಗಿ ಕೊಡೋಣ, ಜೊತೆಗೆ ಕಾಲು ಗಂಟೆ ಕಿವಿಯನ್ನೂ ಕೊಡೋಣ.

ಈ ಸಲ ಬಂದಾಗ ನನ್ನ ಮೊಬೈಲು ಒಳಗಿನ ಕೋಣೆಯಲ್ಲಿ ಇರುತ್ತದೆ. ನಿಮ್ಮ ಕಡೆ ಹೀಗೆ ಮನೆಗೇ ಬರುವ ಹಾಡು ಯಾವುದಿದೆ? ಹೇಳಿ, ಕೇಳುವ ಆಸೆ :)