ಅರ್ಧ ಸಂಬಳಕ್ಕೂ ದಿನಾ ಹಾಜರಿ

ನಮ್ಮ ಉಡಿಗಾಲದ ಪಕ್ಕದ ಮನೆ ಅಕ್ಕ ಗಾರ್ಮೆಂಟ್ಸ್‌ಗೆ ಹೋಯ್ತಾಳೆ. ಮೊನ್ನೆ ಬೈಗ್ಗೆ ಬಂದು ಜಗುಲಿ ಮೇಲೆ ಕುಂತ್ಕಂಡು, "ಆರ್ಡರ್ ಇಲ್ವಂತೆ, ಲೇ-ಆಫ್ ಮಾಡವ್ರೆ. ಅರ್ದ ಸಂಬ್ಳ ಕೊಡ್ತಾರಂತೆ ಕನವ್ವ, ಪುಣ್ಯಾತ್ಮರು" ಅಂದ್ಳು.

ಅದು ಪುಣ್ಯ ಅಲ್ಲ, ಕಾನೂನು. 50 ಜನರಿಗೆ ಕಮ್ಮಿ ಇಲ್ಲದ ಕಾರ್ಖಾನೇಲಿ ವರ್ಷ ದುಡಿದ ಕಾಯಂ ಕಾರ್ಮಿಕರಿಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿಸಿ ಅದರ ಅರ್ಧ ಕೊಡಬೇಕು. ಜತೆಗೊಂದು ಷರತ್ತೂ ಅದೆ: ದಿನಾ ಒಂದ್ಸಲ, ಹೇಳಿದ ಹೊತ್ಗೆ ಹೋಗಿ ಹಾಜರಿ ಹಾಕ್ಬೇಕು. ಹೋಗದಿದ್ರೆ ಆ ಅರ್ಧವೂ ಇಲ್ಲ.

2023ರಿಂದ ಶಕ್ತಿ ಯೋಜನೇಲಿ ಹೆಂಗಸ್ರಿಗೆ ಬಸ್ ಚಾರ್ಜಿಲ್ಲ, ಸರಿ. ಆದ್ರೆ ಹೋಗಿ ಬರೋ ಅಷ್ಟರಲ್ಲಿ ಊರಿನ ಅರಿಶಿನದ ಹೊಲದ ಕೂಲಿ ತಪ್ತದೆ. ಕೆಲಸ ಕೊಡದವರು ಅವಳ ದಿನ ಮಾತ್ರ ಪೂರ್ತಿ ತಗೊಂಡ್ರು.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲೋಥಿಂಗ್ ಕಾರ್ಖಾನೆ 1,200ಕ್ಕೂ ಹೆಚ್ಚು ಜನರನ್ನ ಲೇ-ಆಫ್ ಮಾಡ್ತು. ಬಹುಪಾಲು ಹೆಂಗಸ್ರು. 100 ಜನರಿದ್ರೆ ಸರ್ಕಾರದ ಅನುಮತಿ ಮೊದಲೇ ಬೇಕಿತ್ತು, ತಗೊಂಡಿಲ್ಲ ಅಂತ ಸಂಘ ತಕರಾರು ತೆಗೀತು. ವಾರಗಟ್ಟಲೆ ಧರಣಿ ಕುಂತ್ರು. ಒಪ್ಪಂದ ಆಗೋಕೆ 2021ರ ಫೆಬ್ರವರಿ ಬಂತು. ಈಗಿನ ಹೊಸ ಸಂಹಿತೇಲಿ ಆ ಮಿತಿ 300ಕ್ಕೆ ಏರದೆ.

ಕೆಲಸವೇ ಇಲ್ದಾಗ ವಾರಕ್ಕೊಂದು ಸಹಿ ಸಾಲದಾ? ಕಾನೂನು ಬದಲಾಗೋತನಕ ಮೂರು ಮಾತು ನೆಪ್ಪಿರಲಿ: ಲೇ-ಆಫ್ ಅಂದ್ರೆ ಕಾಗದ ಕೇಳಿ, ಹಾಜರಿ ತಪ್ಪಿಸ್ಬ್ಯಾಡಿ, ಓದ್ದೆ ಯಾವ ರಾಜೀನಾಮೆಗೂ ಸಹಿ ಹಾಕ್ಬ್ಯಾಡಿ.

ಅಕ್ಕ ಮಾರನೇ ದಿನವೂ ಬುತ್ತಿ ಕಟ್ಕಂಡು ಬಸ್ ಹತ್ತಿದ್ಳು, ಬರೀ ಸಹಿ ಹಾಕಕ್ಕೆ.