ಪರದೇಶದಲ್ಲಿ ಪ್ರಯಾಣದ ಮುದ್ರೆ

ಹುಬ್ಬಳ್ಳಿ-ಧಾರವಾಡಗಳ ನಡುವೆ ಚಿಗರಿ ಬಸ್ಸುಗಳು ಓಡಹತ್ತಿ ಕೆಲವು ವರ್ಷಗಳಾದವು. 2018ರ ಅಕ್ಟೋಬರದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಸಾರಿಗೆಯನ್ನು 2020ರ ಫೆಬ್ರುವರಿ 2ರಂದು ಅಂದಿನ ಉಪರಾಷ್ಟ್ರಪತಿಗಳಾದ ವೆಂಕಯ್ಯ ನಾಯ್ಡು ಅವರು ವಿಧಿಪೂರ್ವಕವಾಗಿ ಉದ್ಘಾಟಿಸಿದರು. ಅದರೊಡನೆ ನಮ್ಮ ಊರಿಗೆ ಒಂದು ಹೊಸ ಪದಾರ್ಥವೂ ಬಂದಿತು. ಅದು ನಿಲ್ದಾಣದೊಳಗಿನ ದ್ವಾರ. ಕಿಟಕಿಯಲ್ಲಿ ಕೊಂಡ ಚೀಟಿಯ ಮೇಲಿನ ಚುಕ್ಕೆಗಳ ಚೌಕವನ್ನು ಅದಕ್ಕೆ ತೋರಿಸಬೇಕು. ಕಾರ್ಡು ಇದ್ದವರು ಅದನ್ನು ಸೋಂಕಿಸಬೇಕು. ಬಗಲಲ್ಲಿ ಚರ್ಮದ ಚೀಲವನ್ನು ತೂಗಹಾಕಿಕೊಂಡು ಬರುತ್ತಿದ್ದ ಕಂಡಕ್ಟರನೊಡನೆ ಚಿಲ್ಲರೆಗಾಗಿ ನಾವು ವಾದಿಸಬಹುದಾಗಿತ್ತು. ದ್ವಾರದೊಡನೆ ವಾದವಿಲ್ಲ. ಅದು ತೆರೆಯುವದು, ಇಲ್ಲವೆ ತೆರೆಯದು.

ಈ ವಿಷಯವನ್ನು ಈ ತಿಂಗಳು ಎತ್ತಿಕೊಳ್ಳಲು ಒಂದು ಕಾರಣವುಂಟು. 2020ರಿಂದ ನಿಂತುಹೋಗಿದ್ದ ಭಾರತ-ಚೀನಗಳ ನಡುವಣ ನೇರ ವಿಮಾನಸಂಚಾರವು 2025ರ ಅಕ್ಟೋಬರದಲ್ಲಿ ಪುನಃ ಮೊದಲಾಯಿತು. ಶಾಂಘೈಯಲ್ಲಿ ನೌಕರಿಯಲ್ಲಿರುವ ಮಗನ ಮನೆಗೆ ಹೊರಟ ಗೃಹಸ್ಥರೊಬ್ಬರು ನಮ್ಮನ್ನು ಕೇಳಿದರು: “ಮಾಸ್ತರ, ಅಲ್ಲೆ ಎಲ್ಲಾ ಮೊಬೈಲಿನ್ಯಾಗ ನಡೀತದಂತ. ಮಗಾ ಕೆಲಸಕ್ಕ ಹೋದಮ್ಯಾಲೆ ನಾವಿಬ್ಬರೂ ಮನ್ಯಾಗ ಕೂತಿರಬೇಕೇನು?” ಪ್ರಶ್ನೆಯು ಸಣ್ಣದಲ್ಲ. ಅರವತ್ತು ವರ್ಷ ತಮ್ಮ ಕಾಲ ಮೇಲೆ ನಡೆದವರು ಮಗನ ಬಿಡುವನ್ನು ಕಾಯುತ್ತ ಹದಿನಾಲ್ಕನೆಯ ಅಂತಸ್ತಿನ ಕಿಟಕಿಯಲ್ಲಿ ಕುಳಿತಿರುವದು ಎಂಥ ಪ್ರವಾಸ!

ಮೊದಲು ಈ ಕಾರ್ಡಿನ ಮರ್ಮವನ್ನು ಅರಿಯಬೇಕು. ಅದರೊಳಗೆ ಕೂದಲಿನಂಥ ತಂತಿಯ ಸುರುಳಿಯೊಂದೂ ಸಾಸಿವೆಕಾಳಿನಷ್ಟು ಗಣಕವೊಂದೂ ಇರುತ್ತವೆ; ವಿದ್ಯುತ್ಕೋಶವಿಲ್ಲ. ದ್ವಾರವು ಸೆಕೆಂಡಿಗೆ 1 ಕೋಟಿ 35 ಲಕ್ಷಕ್ಕೂ ಹೆಚ್ಚು ಸಲ ಆಂದೋಲಿಸುವ ಕಾಂತಕ್ಷೇತ್ರವನ್ನು ಸುತ್ತಲೂ ಹಬ್ಬಿಸಿರುವದು. ಕಾರ್ಡನ್ನು ನಾಲ್ಕು ಬೆರಳಿನಷ್ಟು ಸಮೀಪಕ್ಕೆ ತಂದೊಡನೆ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಗಣಕವು ಎಚ್ಚತ್ತು, ತನ್ನ ಗುಪ್ತಸಂಕೇತವನ್ನು ಹೇಳುವದು. 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣತತ್ತ್ವವೇ ಇದು. ನಾವು ಮಕ್ಕಳಿಗೆ ತಂತಿ ಸುತ್ತಿಸಿ ಕಲಿಸಿದ ಪಾಠ. ಮೊಬೈಲಿನೊಳಗೂ ಇಂಥದೇ ಸುರುಳಿಯನ್ನಿಟ್ಟು, ಕಾರ್ಡನ್ನೇ ಅದರ ಹೊಟ್ಟೆಯಲ್ಲಿ ಬರೆದಿಡುವ ಏರ್ಪಾಡು ಈಚೆಗೆ ಬಂದಿದೆ. ಚುಕ್ಕೆಯ ಚೌಕಕ್ಕಾದರೋ ಫೋನಿನ ಪರದೆ ಬೆಳಗುತ್ತಿರಬೇಕು. ಸುರುಳಿಯ ಕಾರ್ಡಿಗೆ ಅದು ಬೇಡ. ಕೆಲವು ಫೋನುಗಳಲ್ಲಿ ಬ್ಯಾಟರಿ ಬರಿದಾದ ಮೇಲೂ ಅದು ಕೆಲವು ತಾಸು ಕೆಲಸ ಮಾಡುವದು.

ಅನುಕೂಲವೇನೋ ಸರಿಯೇ. ಆದರೆ ಕೈಯಲ್ಲಿ ಹಿಡಿಯುವ ಕಾರ್ಡಿಗೂ ಫೋನಿನೊಳಗಿನ ಕಾರ್ಡಿಗೂ ಒಂದು ಅಂತರವಿದೆ; ಅದನ್ನು ಯಂತ್ರಜ್ಞರು ಹೇಳುವದಿಲ್ಲ. ಹಾಂಗ್‌ಕಾಂಗಿನಲ್ಲಿ 1997ರಲ್ಲಿ ಬಂದ ಆಕ್ಟೋಪಸ್ ಕಾರ್ಡು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಹಣವು ಅದರಲ್ಲಿಯೇ ಇರುವದು, ಹಿಡಿದವನು ಹೋಗಬಹುದು. ಫೋನು ಹಾಗಲ್ಲ. ನಿನ್ನ ನಂಬರೇನು, ಬ್ಯಾಂಕು ಯಾವದು, ಓಟಿಪಿ ಬಂದಿತೇ, ಪಾಸ್‌ಪೋರ್ಟನ್ನು ತೋರಿಸು ಎಂದು ಗೋತ್ರ-ಪ್ರವರಗಳನ್ನೆಲ್ಲ ಕೇಳಿದ ತರುವಾಯವೇ ಅದು ಬಾಗಿಲಿಗೆ ಬಿಡುವದು. ಊರವರಿಗೆ ಈ ಉತ್ತರಗಳೆಲ್ಲ ಬಾಯಿಪಾಠ. ತೊಡಕೆಲ್ಲ ಪರಸ್ಥಳದವನಿಗೆ.

ಪರಸ್ಥಳದವನ ಈ ತೊಡಕು ಹೊಸದೇನೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರು. ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಕೌಟಿಲೀಯ ಅರ್ಥಶಾಸ್ತ್ರದ ದ್ವಿತೀಯಾಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷವನ್ನು ತೆಗೆದುಕೊಂಡು ಪ್ರಯಾಣಿಕನಿಗೆ ಮುದ್ರೆಯನ್ನು ಕೊಡುವದು ಅವನ ಕೆಲಸ. ಮುದ್ರೆಯಿದ್ದವನೇ ನಾಡಿನೊಳಗೆ ಬರಬಹುದು, ಹೊರಗೆ ಹೋಗಬಹುದು. ಅದೇ ಅಧಿಕರಣದ ನಾವಧ್ಯಕ್ಷನ ಪ್ರಕರಣವು ಇನ್ನೂ ಸ್ವಾರಸ್ಯವುಳ್ಳದ್ದು. ಮಕ್ಕಳು, ಮುದುಕರು, ರೋಗಿಗಳು, ಗರ್ಭಿಣಿಯರು ಮೊದಲಾದವರು ನಾವಧ್ಯಕ್ಷನ ಮುದ್ರೆಯಿಂದಲೇ ಹೊಳೆಯನ್ನು ದಾಟಬೇಕೆಂದು ಅಲ್ಲಿ ವಿಧಿಸಿದೆ. ಪರರಾಜ್ಯದವರ ಮಾತೋ? ಮೊದಲು ಬಂದುಹೋದವರು ಇಲ್ಲವೆ ವರ್ತಕರ ಸಾರ್ಥವು ಬಲ್ಲವರು ಪ್ರವೇಶಿಸಬಹುದಂತೆ. ಅಂದರೆ ಅಪರಿಚಿತನಿಗೆ ಪರಿಚಿತನೊಬ್ಬನು ಹೊಣೆಯಾಗಬೇಕು. ಅಂದು ಸಾರ್ಥವಾಹನು ಹೊಣೆ. ಇಂದು ಬ್ಯಾಂಕು ಹೊಣೆ. ಕೌಟಿಲ್ಯನು ಬಿಗಿಯಾದ ಮನುಷ್ಯನೇ ಸರಿ. ಆದರೂ ಅವನ ದಡದಲ್ಲಿ ಮಾತನಾಡಿಸಬಹುದಾದ ಅಧಿಕಾರಿಯೊಬ್ಬನಿದ್ದನೆಂಬದನ್ನು ಮರೆಯಲಾಗದು.

ಇನ್ನು ಚೀನದ ಸಂಗತಿ. ಅಲ್ಲಿಯವರು ನಿತ್ಯ ಬಳಸುವ ಅಲಿಪೇ, ವೀಚಾಟ್ ಎಂಬ ಎರಡು ಹಣದ ಸಾಧನಗಳು ಬಹುಕಾಲ ಪರದೇಶಿಗಳಿಗೆ ದಕ್ಕುತ್ತಿರಲಿಲ್ಲ. 2023ರಲ್ಲಿ ಅವು ವಿದೇಶದ ವೀಸಾ, ಮಾಸ್ಟರ್‌ಕಾರ್ಡುಗಳನ್ನು ವಿಶಾಲವಾಗಿ ಅಂಗೀಕರಿಸಿದವು. ಬೀಜಿಂಗಿನ ಮೆಟ್ರೋದಲ್ಲಿ 2024ರಿಂದ ವಿದೇಶದ ಬ್ಯಾಂಕ್ ಕಾರ್ಡನ್ನೇ ದ್ವಾರಕ್ಕೆ ಸೋಂಕಿಸಿ ಹೋಗಬಹುದಾಗಿದೆ. ಊರೂರಿಗೆ ಬೇರೆ ಬೇರೆ ಕಾರ್ಡುಗಳಿದ್ದ ಕಾಲ ಹಿಂದೆ ಬಿದ್ದು, ‘ಜಿಯಾವ್‌ಥೊಂಗ್ ಲಿಯೆನ್‌ಹೆ’, ಎಂದರೆ ಸಾರಿಗೆಯ ಸಂಯೋಗ, ಎಂಬ ಗುರುತುಳ್ಳ ಒಂದೇ ಕಾರ್ಡು 300ಕ್ಕೂ ಮಿಕ್ಕಿದ ನಗರಗಳಲ್ಲಿ ನಡೆಯುವದು. ಕಾಗದದ ಹಣವನ್ನು ಅಂಗಡಿಕಾರರು ನಿರಾಕರಿಸಲಾಗದೆಂದು ಅಲ್ಲಿಯ ಕೇಂದ್ರ ಬ್ಯಾಂಕು 2018ರಲ್ಲಿಯೇ ಸಾರಿ ಹೇಳಿದೆ. ಎಲ್ಲವೂ ಮೊಬೈಲಿನಿಂದಲೇ ಎಂಬ ಮಾತು ಅಷ್ಟರಮಟ್ಟಿಗೆ ಅತಿಶಯೋಕ್ತಿ.

ಹೊರಡುವ ಮುನ್ನ ಮನೆಯಲ್ಲಿಯೇ ಮಾಡತಕ್ಕ ಕೆಲಸಗಳು ಹೆಚ್ಚಿನವು. 2020ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಮಾಡಿದ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಪರದೇಶದ ವ್ಯವಹಾರವೂ ಸೋಂಕಿ ಹಣ ಕೊಡುವ ಅನುಕೂಲವೂ ಮುಚ್ಚಿಯೇ ಇರುತ್ತವೆ. ಕಾರ್ಡಿನ ಒಡೆಯನು ಬೇಡಿ ತೆರೆಯಿಸಿಕೊಳ್ಳಬೇಕು. ಓಟಿಪಿ ಬರುವದು ಊರಿನ ನಂಬರಿಗೆ. ಆದುದರಿಂದ ಆ ನಂಬರಿಗೆ ರೋಮಿಂಗ್ ಇಲ್ಲದಿದ್ದರೆ ಶಾಂಘೈಯಲ್ಲಿ ಅಲಿಪೇಗೆ ಕಾರ್ಡನ್ನು ಜೋಡಿಸುವ ಹೊತ್ತಿಗೆ ಕೈಕಟ್ಟಿದಂತಾಗುವದು. ಇದನ್ನು ಇಲ್ಲಿಯೇ ಜೋಡಿಸಿಕೊಂಡು ಹೋಗುವದು ಲೇಸು. ಹೆಂಡತಿಯ ಫೋನಿನಲ್ಲಿಯೂ ಬೇರೆಯಾಗಿ ಜೋಡಿಸಬೇಕು. ಗಂಡನ ಫೋನೊಂದರಿಂದ ಇಬ್ಬರೂ ದ್ವಾರವನ್ನು ದಾಟುವೆವೆಂದರೆ ಒಬ್ಬರು ಒಳಗೆ, ಒಬ್ಬರು ಹೊರಗೆ ನಿಲ್ಲುವ ಪ್ರಸಂಗ ಬಂದೀತು.

ನಮ್ಮ ಮನೆಗೆ ಬರುವವರ ಗತಿಯೇನು? ಬೇರೆ ದೇಶಗಳಲ್ಲಿ ನೆಲಸಿದ ನಮ್ಮ ಮಕ್ಕಳು ಊರಿಗೆ ಬಂದಾಗ ಕಿಸೆಯಲ್ಲಿ ಇಲ್ಲಿಯ ನಂಬರಿಲ್ಲದೆ ಪರದಾಡುತ್ತಿದ್ದರು. 2023ರ ಜನವರಿಯಲ್ಲಿ ಅಮೇರಿಕ, ಇಂಗ್ಲಂಡ, ಸಿಂಗಪುರ ಮೊದಲಾದ 10 ದೇಶಗಳ ನಂಬರುಗಳಿಂದಲೇ ಅವರು ತಮ್ಮ ಇಲ್ಲಿಯ ಖಾತೆಗೆ ಯುಪಿಐ ಜೋಡಿಸುವದಕ್ಕೆ ಒಪ್ಪಿಗೆ ದೊರೆಯಿತು. ಮರುತಿಂಗಳು ಜಿ-20 ದೇಶಗಳ ಪ್ರವಾಸಿಗಳಿಗೆ ಬೆಂಗಳೂರು, ಮುಂಬಯಿ, ದಿಲ್ಲಿಗಳ ವಿಮಾನನಿಲ್ದಾಣಗಳಲ್ಲಿ ಅಂಥ ಥೈಲಿಯನ್ನು ಕೊಡುವ ಏರ್ಪಾಡಾಯಿತು. ಇವಕ್ಕಿಂತ ನಮಗೆ ಹೆಚ್ಚು ಮೆಚ್ಚಾದದ್ದು 2024ರ ಫೆಬ್ರುವರಿಯ ನಿಯಮ. ಬಸ್ಸು-ಮೆಟ್ರೋಗಳ ಪ್ರಯಾಣಕ್ಕಾಗಿಯೇ ಇರುವ ಕಾರ್ಡನ್ನು, ಕೊಳ್ಳುವವನ ಗುರುತಿನ ಶೋಧವಿಲ್ಲದೆ, 3000 ರೂಪಾಯಿಗಳ ಮಿತಿಯಲ್ಲಿ ಕೊಡಬಹುದೆಂದು ರಿಸರ್ವ್ ಬ್ಯಾಂಕು ಹೇಳಿತು. ಮೂರು ಸಾವಿರದ ಪ್ರಯಾಣಕ್ಕೆ ಮೂರು ತಲೆಯ ವಿವರವೇಕೆ? ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿಯೆಂದು ನಮ್ಮವರು ವ್ಯುತ್ಪತ್ತಿ ಹೇಳುತ್ತಾರೆ. ಅವನಿಗೆ ಇಂಥ ಕಾರ್ಡೇ ತಕ್ಕದ್ದು.

ಆ ಗೃಹಸ್ಥರಿಗೆ ನಾವು ಹೇಳಿದ್ದೂ ಇದನ್ನೇ. ಫೋನಿನಲ್ಲಿ ಎಲ್ಲವನ್ನೂ ಸಿದ್ಧಮಾಡಿಕೊಳ್ಳಿರಿ. ಆದರೆ ತಲುಪಿದ ಮರುದಿನವೇ ಮೆಟ್ರೋದ ಕಿಟಕಿಗೆ ಹೋಗಿ, ಮಗನಿಂದಲ್ಲ, ನೀವೇ ನಗದು ಕೊಟ್ಟು, ಸಂಯೋಗದ ಗುರುತುಳ್ಳ ಎರಡು ಕಾರ್ಡುಗಳನ್ನು ಕೊಳ್ಳಿರಿ. ಒಂದು ನಿಮ್ಮ ಕಿಸೆಯಲ್ಲಿ, ಒಂದು ತಂಗಿಯವರ ಪರ್ಸಿನಲ್ಲಿ. ಮಗನ ಮನೆಯ ವಿಳಾಸವನ್ನು ಚೀನೀ ಲಿಪಿಯಲ್ಲಿ ಬರೆಯಿಸಿ ಅದರೊಡನೆ ಇಟ್ಟುಕೊಳ್ಳಿರಿ. ಇಟ್ಟ ಠೇವಣಿಯನ್ನೂ ಉಳಿದ ಹಣವನ್ನೂ ಮರಳಿಸುವ ಕಿಟಕಿಯು ಎಲ್ಲ ನಿಲ್ದಾಣಗಳಲ್ಲಿಯೂ ಇರದು. ಅದು ಎಲ್ಲಿದೆಯೆಂಬದನ್ನು ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿರಿ.