ಚಾರ್ಜರ್ ಬದಲಿಸುವ ಮುನ್ನ

ಮಕ್ಕಳ ಅಭ್ಯಾಸಕ್ಕೂ ಹಿರಿಯರ ಲೆಕ್ಕಪತ್ರಕ್ಕೂ ಲ್ಯಾಪ್‌ಟಾಪ್ ಇಂದು ಅನೇಕ ಮನೆಗಳಲ್ಲಿ ನಿತ್ಯೋಪಯೋಗಿ ವಸ್ತುವಾಗಿದೆ. ಬೆಲೆಯುಳ್ಳದ್ದೆಂದು ಯಂತ್ರವನ್ನು ನಾವು ಜೋಪಾನ ಮಾಡುತ್ತೇವೆ. ಅದರ ಚಾರ್ಜರ್ ಮಾತ್ರ ಮಂಚದ ಕೆಳಗೆ, ಕಾಲ ತುಳಿತಕ್ಕೆ ಸಿಕ್ಕಿ ಬಿದ್ದಿರುತ್ತದೆ. ಆದರೆ ಗೋಡೆಯಿಂದ ಹೊರಡುವ 230 ವೋಲ್ಟ್ ವಿದ್ಯುತ್ತು ನೇರವಾಗಿ ಸೇರುವುದು ಆ ಚಿಕ್ಕ ಪೆಟ್ಟಿಗೆಯನ್ನೇ. ಅದನ್ನು ಸುಮಾರು 20 ವೋಲ್ಟ್‌ಗೆ ಇಳಿಸಿ, ಏಕಮುಖ ಪ್ರವಾಹವನ್ನಾಗಿ ಮಾರ್ಪಡಿಸಿ ಯಂತ್ರಕ್ಕೆ ಒದಗಿಸುವುದು ಅದರ ಕೆಲಸ. ಅದು ಕೆಟ್ಟರೆ ಯಂತ್ರಕ್ಕಷ್ಟೇ ಅಲ್ಲ, ಮನೆಯವರ ಜೀವಕ್ಕೂ ಅಪಾಯ ಉಂಟು.

ಚಾರ್ಜರ್ ಬೆಚ್ಚಗಾಗುವುದು ಸಹಜ. ಕೈಯಿಡಲಾಗದಷ್ಟು ಸುಡುವುದು, ಸುಟ್ಟ ವಾಸನೆ ಬರುವುದು, ಒಳಗಿನಿಂದ ಚಟಪಟ ಸದ್ದು ಕೇಳಿಸುವುದು, ತಂತಿಯ ಹೊದಿಕೆ ಸೀಳಿರುವುದು, ತಂತಿಯನ್ನು ಒಂದು ಓರೆಯಲ್ಲಿ ಹಿಡಿದರೆ ಮಾತ್ರ ವಿದ್ಯುತ್ತು ಹರಿಯುವುದು ಇವೆಲ್ಲ ದೋಷದ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಮೊದಲು ಗೋಡೆಯ ಸ್ವಿಚ್ ಆರಿಸಿ, ಅನಂತರ ಪ್ಲಗ್ ಕೀಳಬೇಕು. ಟೇಪು ಸುತ್ತಿ "ಪರೀಕ್ಷೆ ಮುಗಿಯುವತನಕ ನಡೆಯಲಿ" ಎನ್ನುವುದು ತರವಲ್ಲ. ಪೆಟ್ಟಿಗೆಯನ್ನು ಬಿಚ್ಚಿ ನೋಡುವ ಸಾಹಸವೂ ಬೇಡ; ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ವಿದ್ಯುತ್ತು ಕೆಲಕಾಲ ಉಳಿದಿರಬಹುದು.

ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲಿನ ಚೀಟಿಯನ್ನು ಓದಿ ಬರೆದುಕೊಳ್ಳಿರಿ. ಅಲ್ಲಿ 'ಔಟ್‌ಪುಟ್' ಎಂಬಲ್ಲಿ, ಉದಾಹರಣೆಗೆ, 19.5 ವೋಲ್ಟ್, 3.33 ಆಂಪಿಯರ್ ಎಂದಿರುತ್ತದೆ. ಎರಡನ್ನೂ ಗುಣಿಸಿದರೆ ಸುಮಾರು 65 ವ್ಯಾಟ್. ಇವುಗಳಲ್ಲಿ ವೋಲ್ಟ್ ಹಳೆಯದಕ್ಕೆ ಸರಿಹೊಂದಲೇಬೇಕು. ಹೆಚ್ಚಾದರೆ ಯಂತ್ರ ಸುಟ್ಟುಹೋಗಬಹುದು. ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು, ಕಡಿಮೆ ಮಾತ್ರ ಇರಕೂಡದು. ಹಗೇವು ದೊಡ್ಡದೆಂದು ಉಣ್ಣುವವನು ಹೆಚ್ಚು ಉಣ್ಣುವುದಿಲ್ಲ. ಯಂತ್ರವೂ ತನಗೆ ಬೇಕಾದಷ್ಟನ್ನೇ ಸೆಳೆದುಕೊಳ್ಳುತ್ತದೆ. ಆದರೆ ಚಾರ್ಜರಿನ ಶಕ್ತಿ ಸಾಲದಾದರೆ ಅದು ಮಿತಿಮೀರಿ ಕಾಯುತ್ತದೆ, ಇಲ್ಲವೆ ಬ್ಯಾಟರಿ ತುಂಬುವುದೇ ಇಲ್ಲ. ದುಂಡು ತುದಿಯ ಚಾರ್ಜರಿನಲ್ಲಿ ಧನ ಋಣ ಧ್ರುವಗಳ ಚಿತ್ರವೂ ಹೊಂದಬೇಕು. ತುದಿ ತೂರಿತೆಂದ ಮಾತ್ರಕ್ಕೆ ಚಾರ್ಜರ್ ಸರಿಯಾದುದೆಂದು ತಿಳಿಯಬಾರದು.

ಯುಎಸ್‌ಬಿ ಟೈಪ್-ಸಿ ಕಿಂಡಿಯಿಂದ ಚಾರ್ಜ್ ಆಗುವ ಯಂತ್ರಗಳ ಬಗೆ ಬೇರೆ. ಇಲ್ಲಿ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಟ್ಟು, ಯಂತ್ರದ ಬೇಡಿಕೆಯನ್ನು ಅರಿತು ಆಮೇಲೆ ಏರಿಸುತ್ತದೆ. ಆದುದರಿಂದ ಇಲ್ಲಿ ನೋಡಬೇಕಾದುದು ಮುಖ್ಯವಾಗಿ ವ್ಯಾಟ್. ಫೋನಿನ ಚಿಕ್ಕ ಚಾರ್ಜರ್ ಲ್ಯಾಪ್‌ಟಾಪಿಗೆ ಸಾಲದು. ಕೇಬಲ್ಲೂ ತಕ್ಕದ್ದಿರಬೇಕು, 3 ಆಂಪಿಯರಿನ ಸಾಮಾನ್ಯ ಕೇಬಲ್ 60 ವ್ಯಾಟ್‌ವರೆಗೆ ಮಾತ್ರ, ಅದಕ್ಕೂ ಮೇಲೆ 5 ಆಂಪಿಯರಿನದು ಬೇಕು.

ತಯಾರಕರದೇ ಚಾರ್ಜರ್ ದೊರೆತರೆ ಅದೇ ಉತ್ತಮ. ಬೇರೆಯದಾದರೆ ಭಾರತೀಯ ಮಾನಕ ಬ್ಯೂರೋದ ಗುರುತನ್ನೂ, 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನೂ ನೋಡಿರಿ. ಆ ಸಂಖ್ಯೆ ನಿಜವೋ ಸುಳ್ಳೋ ಎಂಬುದನ್ನು ಬ್ಯೂರೋದ 'ಬಿಐಎಸ್ ಕೇರ್' ಆ್ಯಪಿನಲ್ಲಿ ಪರೀಕ್ಷಿಸಬಹುದು. ಬಿಲ್ ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು.

ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಭೂಸಂಪರ್ಕಕ್ಕಾಗಿ ಇರುವುದು. ಅದನ್ನು ಕತ್ತರಿಸುವುದಾಗಲಿ, ಎರಡು ಪಿನ್ನಿಗೆ ಇಳಿಸುವುದಾಗಲಿ ಸಲ್ಲದು. ಚಾರ್ಜರನ್ನು ಹಾಸಿಗೆ, ದಿಂಬುಗಳ ಮೇಲಿರಿಸದೆ ಗಾಳಿಯಾಡುವ ಗಟ್ಟಿ ನೆಲದ ಮೇಲಿಡಬೇಕು. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಯಾವ ಚಾರ್ಜರನ್ನೂ ಜೋಡಿಸದೆ ತಜ್ಞರಿಗೆ ತೋರಿಸಬೇಕು.

ಕೊನೆಯದಾಗಿ ಒಂದು ಮಾತು. ಕೆಟ್ಟ ಚಾರ್ಜರನ್ನು ಕಸದ ಬುಟ್ಟಿಗೆ ಹಾಕಬೇಡಿರಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿರಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. "ಯಾರಾದರೂ ಬಡ ವಿದ್ಯಾರ್ಥಿ ಬಳಸಿಕೊಳ್ಳಲಿ" ಎಂದು ಅದನ್ನು ದಾಟಿಸುವವರೂ ಉಂಟು. ನಮ್ಮ ಮಕ್ಕಳ ಕೈಗೆ ಕೊಡಲು ಅಂಜುವ ವಸ್ತುವನ್ನು ಪರರ ಮಕ್ಕಳ ಕೈಗಿಡುವುದು ದಾನವೆನಿಸದು. ಕೊಡುವ ಮನಸ್ಸಿದ್ದರೆ ಹೊಸದನ್ನೇ ಕೊಡೋಣ.